ಸ್ಕೂಲ್ ಬಸ್ಸಿನ ಒಳಗೇ ಡೀಸೆಲ್ ಹೊಗೆ ಬರುತ್ತೆ. ಪೇರೆಂಟ್ಸ್ ಮೀಟಿಂಗಲ್ಲಿ ಏನಂತ ಕೇಳಲಿ?

ಚಿಕ್ಕಲ್ಲಸಂದ್ರದ ಅಮ್ಮ:

ಮಗಳು ಮೂರನೇ ಕ್ಲಾಸು. ಮನೆ ಚಿಕ್ಕಲ್ಲಸಂದ್ರ, ಶಾಲೆ ಕನಕಪುರ ರಸ್ತೆಯ ಆಚೆ. ಬೆಳಿಗ್ಗೆ ಏಳಕ್ಕೆ ಬಸ್ ಹತ್ತಿದರೆ ಉತ್ತರಹಳ್ಳಿ, ವಸಂತಪುರ ಎಲ್ಲ ಸುತ್ತಿಕೊಂಡು ಶಾಲೆ ಮುಟ್ಟೋಕೆ ಹೆಚ್ಚುಕಮ್ಮಿ ಒಂದು ಗಂಟೆ. ಅವಳಿಗೆ ಆಸ್ತಮಾ ಇದೆ, ಬೆಳಿಗ್ಗೆ ಸಂಜೆ ಇನ್‌ಹೇಲರ್ ತಗೋತಾಳೆ. ದಸರಾ ರಜೆಯಲ್ಲಿ ರಾತ್ರಿ ಕೆಮ್ಮು ಇರಲಿಲ್ಲ, ಶಾಲೆ ಶುರುವಾದ ವಾರದಲ್ಲೇ ಮತ್ತೆ ಬಂತು. ಇದಕ್ಕೆ ಬಸ್ ಒಂದೇ ಕಾರಣ ಅಂತ ಹೇಳುವಷ್ಟು ನನಗೆ ಗೊತ್ತಿಲ್ಲ, ನಮ್ಮ ರಸ್ತೆಯ ಧೂಳೂ ಕಡಿಮೆ ಏನಿಲ್ಲ. ಆದರೆ ಅವಳು ಮನೆಗೆ ಬಂದ ತಕ್ಷಣ ಯೂನಿಫಾರಂ ಬಿಚ್ಚಿ ಹಾಕಿದರೆ ಅದರಲ್ಲಿ ಡೀಸೆಲ್ ವಾಸನೆ ಬರುತ್ತೆ. ಮೊದಲು ಹೇಳಿದ್ದು ನಮ್ಮತ್ತೆ. ಅವರಿಗೆ ಕಣ್ಣು ಮಂಜಾದರೂ ಮೂಗು ಚುರುಕು.

ಹೋದ ತಿಂಗಳು ಅರ್ಧ ದಿನ ರಜೆ ಹಾಕಿ ಶಾಲೆ ಬಿಡೋ ಹೊತ್ತಿಗೆ ಹೋಗಿ ನಿಂತೆ. ಕಾಂಪೌಂಡ್ ಉದ್ದಕ್ಕೂ ಬಸ್‌ಗಳು ಒಂದರ ಹಿಂದೆ ಒಂದು ನಿಂತಿವೆ, ಎಲ್ಲದರ ಇಂಜಿನ್ನೂ ಆನ್. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು ರೂಟ್ ಪ್ರಕಾರ ಸಾಲು ಮಾಡಿ ಫುಟ್‌ಪಾತ್ ಮೇಲೆ ಕೂರಿಸಿರುತ್ತಾರೆ. ಕೂತ ಮಗುವಿನ ಮುಖ ಎಷ್ಟು ಎತ್ತರಕ್ಕೆ ಬರುತ್ತೋ ಸೈಲೆನ್ಸರ್ ಬಾಯಿಯೂ ಅಷ್ಟೇ ಎತ್ತರದಲ್ಲಿದೆ. ನಿಂತಿದ್ದ ನನಗೇ ಗಂಟಲು ಕೆರೆಯಿತು. ಮಕ್ಕಳು ಅಲ್ಲೇ ಕೂತು ಮಿಕ್ಕಿದ ಡಬ್ಬಿ ತಿನ್ನುತ್ತಿದ್ದರು.

ಡ್ರೈವರಣ್ಣನನ್ನು ಕೇಳಿದೆ. "ಆಫ್ ಮಾಡಿದ್ರೆ ಬ್ರೇಕಿನ ಏರ್ ಇಳಿದುಹೋಗುತ್ತೆ ಮೇಡಂ, ಮತ್ತೆ ಸೆಲ್ಫ್ ಎತ್ತಲ್ಲ" ಅಂದರು. ಅವರು ಒಳ್ಳೆಯವರು, ಮಗು ಬರೋದು ತಡವಾದರೆ ಕಾಯುತ್ತಾರೆ. ಆ ಹೊಗೆಯನ್ನು ದಿನವಿಡೀ ಕುಡಿಯೋರೂ ಅವರೇ, ಹಾಗಾಗಿ ಅವರ ಮೇಲೆ ದೂರು ಕೊಡೋ ಮನಸ್ಸಿಲ್ಲ. ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಹತ್ತಿರ ಹೋದರೆ "ಎಮಿಷನ್ ಟೆಸ್ಟ್ ಆಗಿದೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇದೆ, ಇನ್ನೇನು ಬೇಕು?" ಅಂತ ಮಾತು ಮುಗಿಸಿಬಿಟ್ಟರು.

ಮುಂದಿನ ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆ. "ಹೊಗೆ ಜಾಸ್ತಿ" ಅಂತ ಬರೀ ಗೋಳು ಹೇಳಿಕೊಂಡರೆ ಹೂಂ ಅಂದು ಕಳಿಸುತ್ತಾರೆ. ಎಮಿಷನ್ ಟೆಸ್ಟ್ ಪಾಸಾದ ಬಸ್ಸಿನ ಒಳಗೆ ಹೊಗೆ ಬರೋದು ಹೇಗೆ? ಬಸ್ ಎಷ್ಟು ಹಳೆಯದು ಅಂತ ತಿಳಿಯೋ ದಾರಿ ಯಾವುದು? ಹೊಸ ಬಸ್ ತನ್ನಿ ಅಂದರೆ ಫೀಸು ಏರಿಸುತ್ತಾರೆ, ಎಷ್ಟೋ ಮನೆಗಳಿಗೆ ಅದು ಆಗೋದಿಲ್ಲ. ಈ ವರ್ಷವೇ, ಈ ಬಸ್ಸಲ್ಲೇ ಮಾಡಬಹುದಾದ್ದು ಏನಿದೆ ಅಂತ ಬಲ್ಲವರು ಹೇಳಿ.

ಹಳೇ ಡಿಪೋ ಮೆಕ್ಯಾನಿಕ್:

ಅಮ್ಮಾ, ನಾನು ಬಸ್ ಡಿಪೋದಲ್ಲಿ ಡೀಸೆಲ್ ಇಂಜಿನ್ ಕೆಲಸ ಮಾಡಿ ರಿಟೈರ್ ಆದವನು. ಎಮಿಷನ್ ಟೆಸ್ಟ್ ವಿಷಯ ಮೊದಲು ಹೇಳ್ತೀನಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ, ಸೈಲೆನ್ಸರ್ ತುದಿಯಿಂದ ಬರೋ ಹೊಗೆ ಎಷ್ಟು ದಟ್ಟ ಅಂತ ನೋಡ್ತಾರೆ. ಡೀಸೆಲ್ ಗಾಡಿಗೆ ಅಷ್ಟೇ ಟೆಸ್ಟು. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್ ಅದರಲ್ಲಿ ಲೆಕ್ಕಕ್ಕಿಲ್ಲ. ಪೈಪು ಮಧ್ಯದಲ್ಲಿ ಒಡೆದು ಬಸ್ಸಿನೊಳಗೆ ಹೊಗೆ ಹೋಗ್ತಿದ್ದರೂ ಟೆಸ್ಟಿಗೆ ಗೊತ್ತಾಗಲ್ಲ. ಸರ್ಟಿಫಿಕೇಟ್ ಕೇಳಿ ಇಸ್ಕೊಳಿ, ಅದರಲ್ಲಿ ರೀಡಿಂಗ್ ಬರೆದಿರುತ್ತೆ. ಬಿಎಸ್ ಅಂದರೆ ಭಾರತ್ ಸ್ಟೇಜ್, ಸರ್ಕಾರದ ಹೊಗೆ ಮಿತಿಯ ಹಂತ; ನಂಬರ್ ದೊಡ್ಡದಾದಷ್ಟೂ ಮಿತಿ ಬಿಗಿ. ಬಿಎಸ್-4ಕ್ಕಿಂತ ಹಳೇ ಗಾಡಿಗೆ ಹೊಗೆ ದಟ್ಟತೆಯ ಮಿತಿ 2.45, ಬಿಎಸ್-4ಕ್ಕೆ 1.62. ಪಾಸೋ ಫೇಲೋ ಅನ್ನೋದಕ್ಕಿಂತ ಮಿತಿಗೆ ಎಷ್ಟು ಹತ್ತಿರ ಇದೆ ಅನ್ನೋದು ನೋಡಿ.

ಬಸ್ಸಿನ ವಯಸ್ಸು ತಿಳಿಯೋಕೆ ಸರ್ಕಾರದ ಎಮ್‌ಪರಿವಾಹನ್ ಆ್ಯಪಲ್ಲಿ ಬಸ್ ನಂಬರ್ ಹಾಕಿ. ನೋಂದಣಿ ತಾರೀಕು, ಎಫ್‌ಸಿ ಎಲ್ಲಿವರೆಗೆ, ಎಮಿಷನ್ ಯಾವ ನಾರ್ಮ್, ಎಲ್ಲ ಬರುತ್ತೆ. 2020ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್-6. 2017ರ ಏಪ್ರಿಲ್‌ನಿಂದ ಅಲ್ಲಿವರೆಗೆ ಬಿಎಸ್-4. ಬೆಂಗಳೂರು ಸೇರಿ 13 ಊರಿಗೆ ಬಿಎಸ್-4 2010ರಲ್ಲೇ ಬಂದಿತ್ತು, ಆದರೆ ಆಗ ಬೇರೆ ಜಿಲ್ಲೆಯಲ್ಲಿ ನೋಂದಣಿ ಆಗಿ ಇಲ್ಲಿಗೆ ಬಂದ ಬಿಎಸ್-3 ಗಾಡಿಗಳು ತುಂಬಾ ಇವೆ.

ಇನ್ನು ಒಳಗೆ ಹೊಗೆ ಬರೋದು. ಇಂಜಿನ್ ಮುಂದಿರೋ ಬಸ್ಸಲ್ಲಿ ಡ್ರೈವರ್ ಪಕ್ಕ ಒಂದು ಬಾನೆಟ್ ಇರುತ್ತಲ್ಲ, ಅದರ ಸುತ್ತ ರಬ್ಬರ್ ಬೀಡಿಂಗ್ ಇರಬೇಕು. ಐದಾರು ವರ್ಷಕ್ಕೆ ಅದು ಕಲ್ಲಾಗಿ ಬಿರುಕು ಬಿಡುತ್ತೆ. ಗೇರ್ ಲಿವರ್ ಬುಡದ ರಬ್ಬರ್ ಬೂಟ್ ಹರಿದಿರುತ್ತೆ. ಕೆಳಗೆ ಇಂಜಿನ್ನಿಗೆ ಹೊಗೆ ಪೈಪು ಸೇರೋ ಕಡೆಯ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಊದಿದ್ದರೆ, ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದ್ದರೆ, ಹೊಗೆ ಹಿಂದಿನ ಬಾಯಿ ತನಕ ಹೋಗೋದೇ ಇಲ್ಲ, ಫ್ಲೋರ್ ಕೆಳಗೇ ತುಂಬಿಕೊಂಡು ಸಂದಿ ಸಿಕ್ಕ ಕಡೆ ಮೇಲೆ ಬರುತ್ತೆ. ಇನ್ನೊಂದು ಯಾರೂ ನೋಡದ್ದು ಬ್ರೀದರ್ ಪೈಪು. ಪಿಸ್ಟನ್ ರಿಂಗ್ ಸವೆದ ಇಂಜಿನ್‌ನಲ್ಲಿ ಒಂದಷ್ಟು ಹೊಗೆ ಸೈಲೆನ್ಸರ್‌ಗೆ ಹೋಗದೆ ಆಯಿಲ್ ಚೇಂಬರ್ ಕಡೆಯಿಂದ ಹೊರಗೆ ಬರುತ್ತೆ. ಆ ಪೈಪಿನ ಬಾಯಿ ಬಾನೆಟ್ ಹತ್ತಿರವೇ ಇದ್ದರೆ ನೇರ ಒಳಗೇ ಬರುತ್ತೆ. ಹಿಂದಿನ ಎಮರ್ಜೆನ್ಸಿ ಬಾಗಿಲ ಬೀಡಿಂಗ್ ಹೋಗಿದ್ದರೆ ಓಡೋ ಬಸ್ಸು ತನ್ನ ಹೊಗೆಯನ್ನೇ ಹಿಂದಿಂದ ಒಳಗೆ ಎಳ್ಕೊಳ್ಳುತ್ತೆ.

ಪತ್ತೆ ಮಾಡೋದು ಸುಲಭ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಒಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಒಂದು ಗಳಿಗೆ ಒತ್ತಿ ಹಿಡಿದರೆ ಎಲ್ಲಿ ತೂತಿದೆಯೋ ಅಲ್ಲಿಂದ ಬುಸ್ ಅಂತ ಸದ್ದು ಬರುತ್ತೆ. ಫ್ಲೋರ್ ಸಂದಿಗೆ ರಾತ್ರಿ ಬಸ್ಸೊಳಗೆ ಟಾರ್ಚ್ ಹಾಕಿ ಕೆಳಗಿಂದ ನೋಡಿ, ಬೆಳಕು ಕಂಡ ಕಡೆಯೆಲ್ಲ ಮುಚ್ಚಬೇಕು. ಬೀಡಿಂಗ್, ಬೂಟ್, ಗ್ಯಾಸ್ಕೆಟ್ ಎಲ್ಲ ಸೇರಿಸಿದರೂ ಒಂದು ಟೈರಿನ ದುಡ್ಡಾಗಲ್ಲ. ಕಪ್ಪು ಹೊಗೆ ಕಕ್ಕೋ ಗಾಡಿಗೆ ಏರ್ ಫಿಲ್ಟರ್ ಬದಲಾಯಿಸಿ, ಡೀಸೆಲ್ ಚಿಮ್ಮಿಸೋ ನಾಝಲ್ ಬಿಚ್ಚಿ ಟೆಸ್ಟ್ ಮಾಡಿಸಿ, ಡೀಸೆಲ್ ಪಂಪ್ ಕ್ಯಾಲಿಬ್ರೇಷನ್ ಮಾಡಿಸಬೇಕು. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರೀತಿದೆ ಅಂತ, ಅದಕ್ಕೆ ಇಂಜಿನ್ ಬಿಚ್ಚಲೇಬೇಕು.

ಇನ್ನೊಂದು ನೋಡಿ. ಸೈಲೆನ್ಸರ್ ಬಾಯಿ ಎಡಕ್ಕಾಗಲಿ ಕೆಳಕ್ಕಾಗಲಿ ತಿರುಗಿರಬಾರದು, ಹಿಂದಕ್ಕೋ ಬಲಕ್ಕೋ ಇರಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ. ಮಕ್ಕಳು ಹತ್ತೋದು ಎಡಗಡೆ. ಫುಟ್‌ಪಾತಲ್ಲಿ ಕೂತ ಮಕ್ಕಳ ಮುಖಕ್ಕೆ ಹೊಗೆ ಹೊಡೀತಿದೆ ಅಂದರೆ ಯಾರೋ ಪೈಪು ಬಗ್ಗಿಸಿ ವೆಲ್ಡ್ ಮಾಡಿರಬೇಕು.

ಮಕ್ಕಳ ಶ್ವಾಸಕೋಶ ವೈದ್ಯೆ:

ಮೊದಲಿಗೆ, ಇನ್‌ಹೇಲರ್ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಹೊಗೆ ಕಡಿಮೆ ಆಯಿತು, ಕೆಮ್ಮು ಇಲ್ಲ ಅಂತ ನೀವಾಗಿ ಬಿಡುವುದೂ ಬೇಡ.

ನಿಮ್ಮ ಆತಂಕ ಸುಮ್ಮನೆ ಬಂದದ್ದಲ್ಲ. ಡೀಸೆಲ್ ಇಂಜಿನ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಅದು ದೀರ್ಘಕಾಲದ ಮಾತು. ನಿಮ್ಮ ಮಗಳಂಥ ಮಕ್ಕಳಿಗೆ ತೊಂದರೆ ಅದೇ ದಿನ ಶುರುವಾಗುತ್ತದೆ: ಮಸಿಯ ಸಣ್ಣ ಕಣಗಳೂ ನೈಟ್ರೋಜನ್ ಡೈಆಕ್ಸೈಡೂ ಮೊದಲೇ ಸೂಕ್ಷ್ಮವಾಗಿರುವ ಶ್ವಾಸನಾಳವನ್ನು ಊದಿಸುತ್ತವೆ. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ, ಮತ್ತು ಅವರ ಶ್ವಾಸಕೋಶ ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಇಲ್ಲಿನ ಚಳಿಗಾಲದ ಬೆಳಿಗ್ಗೆಯಂತೂ ಹೊಗೆ ಮೇಲಕ್ಕೆ ಹೋಗದೆ ನೆಲದ ಹತ್ತಿರವೇ ನಿಲ್ಲುತ್ತದೆ. ಶಾಲೆ ಬಸ್ ಓಡುವುದು ಅದೇ ಹೊತ್ತಿಗೆ.

ಗೇಟಿನ ಮುಂದಿನ ಹೊಗೆ ಕಣ್ಣಿಗೆ ಬೀಳುತ್ತದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಎರಡು ದಶಕದ ಹಿಂದೆ ಶಾಲಾ ಬಸ್ಸುಗಳ ಹೊಗೆಯಲ್ಲಿ ಗುರುತಿಗೆಂದು ಒಂದು ಅನಿಲ ಬೆರೆಸಿ, ಅದು ಬಸ್ಸಿನೊಳಗೆ ಎಷ್ಟು ಬರುತ್ತದೆ ಎಂದು ಅಳೆದರು. ಪರೀಕ್ಷಿಸಿದ ಎಲ್ಲ ಬಸ್ಸುಗಳಲ್ಲೂ ತನ್ನದೇ ಹೊಗೆ ಒಳಗೆ ಬಂದಿತ್ತು. ಹಳೆಯ ಬಸ್ಸಿನಲ್ಲಿ ಹೆಚ್ಚು, ಕಿಟಕಿ ಮುಚ್ಚಿದಾಗ ಇನ್ನೂ ಹೆಚ್ಚು. ಸ್ಟಾಪಿನಲ್ಲಿ ಕಾಯುವಾಗ, ಹತ್ತುವಾಗ ಸೇರುವ ಹೊಗೆಗಿಂತ ಪ್ರಯಾಣದ ಉದ್ದಕ್ಕೂ ಸೇರುವುದೇ ದೊಡ್ಡ ಪಾಲು ಎಂದೂ ಗೊತ್ತಾಯಿತು. ಹಾಗಾಗಿ ಮೆಕ್ಯಾನಿಕ್ ಅಣ್ಣ ಹೇಳಿದ ಬೀಡಿಂಗ್, ಬ್ರೀದರ್ ಪೈಪಿನ ಕೆಲಸವನ್ನು ಸಣ್ಣದೆಂದುಕೊಳ್ಳಬೇಡಿ. ಸಿಯಾಟಲ್ ಸುತ್ತಮುತ್ತ ಬಸ್ಸುಗಳಿಗೆ ಶುದ್ಧ ಡೀಸೆಲ್ ಹಾಕಿ, ಹೊಗೆ ಪೈಪು ಮತ್ತು ಬ್ರೀದರ್ ಎರಡಕ್ಕೂ ಹೊಗೆ ತಗ್ಗಿಸುವ ಸಾಧನ ಕೂರಿಸಿದ ವರ್ಷಗಳಲ್ಲಿ 275 ಮಕ್ಕಳನ್ನು ಗಮನಿಸಿದ ಅಧ್ಯಯನ 2015ರಲ್ಲಿ ಬಂತು. ಮಕ್ಕಳ ಶ್ವಾಸಕೋಶ ಸುಧಾರಿಸಿತು, ಶಾಲೆಗೆ ಗೈರುಹಾಜರಿ ಇಳಿಯಿತು. ಆಸ್ತಮಾ ಇದ್ದ ಮಕ್ಕಳಿಗೆ ಹೆಚ್ಚು ಪ್ರಯೋಜನವಾಗಿತ್ತು.

ಸದ್ಯಕ್ಕೆ ಮಗುವನ್ನು ತೀರಾ ಹಿಂದಿನ ಸೀಟಿನಲ್ಲೂ ಬಾನೆಟ್ ಪಕ್ಕದಲ್ಲೂ ಕೂರಿಸಬೇಡಿ ಎಂದು ಆಯಾಗೆ ಹೇಳಿ. ಬಸ್ ಓಡುವಾಗ ಕಿಟಕಿ ಸ್ವಲ್ಪ ತೆರೆದಿರಲಿ, ಲಾರಿ ಹಿಂದೆ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಾಗ ಮುಚ್ಚಲಿ. ಎನ್95 ಮಾಸ್ಕ್ ಈ ವಯಸ್ಸಿನ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಅದನ್ನೇ ನಂಬಿಕೊಳ್ಳಬೇಡಿ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಒಂದು ಪೀಕ್ ಫ್ಲೋ ಮೀಟರ್ ತಂದು ದಿನಾ ಬೆಳಿಗ್ಗೆ, ಸಂಜೆ ಊದಿಸಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಶಾಲೆ ಇದ್ದ ದಿನ, ರಜೆ ದಿನ ಎರಡೂ ಇರಲಿ. ಅದನ್ನು ನಿಮ್ಮ ಡಾಕ್ಟರಿಗೆ ತೋರಿಸಿ. ಮೀಟಿಂಗಿನಲ್ಲಿ ಅದನ್ನೇ ಸಾಕ್ಷಿ ಎಂದು ಇಡಬೇಡಿ, ಒಂದು ಮಗುವಿನ ಲೆಕ್ಕದಿಂದ ಬಸ್ಸಿನ ಮೇಲೆ ತೀರ್ಪು ಕೊಡಲು ಆಗುವುದಿಲ್ಲ.

ಚಿಕ್ಕಲ್ಲಸಂದ್ರದ ಅಮ್ಮ:

ಇಬ್ಬರಿಗೂ ಕೈ ಮುಗಿದೆ. ಆ್ಯಪಲ್ಲಿ ನಂಬರ್ ಹಾಕಿದೆ. 2012ರ ನೋಂದಣಿ, ಬೇರೆ ಜಿಲ್ಲೆಯದು, ಬಿಎಸ್-3. ಅಣ್ಣ ಹೇಳಿದ ಹಾಗೇ ಆಯ್ತು. ನಿನ್ನೆ ಸಂಜೆ ಮಗಳನ್ನು ಇಳಿಸಿಕೊಳ್ಳುವಾಗ ಡ್ರೈವರಣ್ಣನ ಅನುಮತಿ ಕೇಳಿ ಒಳಗೆ ಬಗ್ಗಿ ನೋಡಿದೆ. ಬಾನೆಟ್ ಸುತ್ತ ಹಳೇ ಗೋಣಿಚೀಲ ತುರುಕಿದ್ದಾರೆ! "ನಾನೇ ಇಟ್ಟೆ ಮೇಡಂ, ಕಾಲಿಗೆ ಬಿಸಿ ಬಡಿಯುತ್ತೆ, ಕಣ್ಣು ಉರಿಯುತ್ತೆ" ಅಂದರು. ಓನರ್‌ಗೆ ಹೇಳಿದ್ದಾರಂತೆ, ಮುಂದಿನ ಎಫ್‌ಸಿ ಹೊತ್ತಿಗೆ ನೋಡೋಣ ಅಂದರಂತೆ. ಆ ಬಾನೆಟ್ ಪಕ್ಕದ ಉದ್ದ ಸೀಟಿನಲ್ಲಿ ಯುಕೆಜಿ ಮಕ್ಕಳು ನಾಲ್ವರು ಕೂರುತ್ತಾರೆ. ಅದನ್ನು ನೋಡಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಇಂಜಿನ್ ಆಫ್ ಮಾಡಿದರೆ ಏರ್ ಇಳಿಯುತ್ತೆ ಅನ್ನೋದು ನಿಜವಾ? ಅದೊಂದು ತಿಳಿಸಿ. ಮೀಟಿಂಗಲ್ಲಿ ಮೊದಲು ಬರೋ ಮಾತೇ ಅದು.

ನಾಲ್ಕು ಬಸ್ಸಿನ ಓನರ್:

ನಾನು ಶಾಲೆಗಳಿಗೆ ಗಾಡಿ ಬಿಡೋನು. ಓನರ್ ಕಡೆಯ ಮಾತೂ ಕೇಳಿ ಮೇಡಂ.

ಏರ್ ಇಳಿಯೋದು ನಿಜ. ಆದರೆ ಏರ್ ಬ್ರೇಕ್ ಸರಿಯಾಗಿದ್ದರೆ ಅರ್ಧ ಗಂಟೆ ನಿಂತರೂ ಗೇಜ್ ಮುಳ್ಳು ಅಷ್ಟು ಬೀಳಬಾರದು. ಬೀಳ್ತಿದೆ ಅಂದರೆ ಎಲ್ಲೋ ಪೈಪು ಜಾಯಿಂಟ್ ಲೀಕ್ ಇದೆ, ಅದು ಹೊಗೆಗಿಂತ ಮೊದಲು ಬ್ರೇಕಿನ ವಿಷಯ. ಈ ಮಾತನ್ನು ಮೀಟಿಂಗಲ್ಲಿ ಎತ್ತಿ. ಮಕ್ಕಳ ಬಸ್ಸಿನ ಬ್ರೇಕಲ್ಲಿ ಲೀಕ್ ಇದೆ ಅಂದರೆ ಯಾವ ಪ್ರಿನ್ಸಿಪಾಲರೂ ಸುಮ್ಮನಿರಲ್ಲ. ಸೆಲ್ಫ್ ಎತ್ತಲ್ಲ ಅಂದರೆ ಬ್ಯಾಟರಿ ಹೋಗಿದೆ, ಇಲ್ಲ ಸೆಲ್ಫ್ ಮೋಟಾರಿನ ಕಾರ್ಬನ್ ಬ್ರಷ್ ಸವೆದಿದೆ. ಡ್ರೈವರ್ ತಪ್ಪೇನಿಲ್ಲ, ರಸ್ತೆ ಮಧ್ಯೆ ಮಕ್ಕಳನ್ನಿಟ್ಟುಕೊಂಡು ನಿಂತುಹೋದರೆ ಬೈಸಿಕೊಳ್ಳೋನು ಅವನೇ. ಟರ್ಬೋ ಇಂಜಿನ್ ಆದರೆ ಆಫ್ ಮಾಡೋ ಮೊದಲು ಒಂದು ನಿಮಿಷ ಸುಮ್ಮನೆ ಓಡಲಿ, ಅಷ್ಟು ಸಾಕು.

ದುಡ್ಡಿನ ಲೆಕ್ಕ ಹೇಳಿದರೆ ಓನರ್‌ಗಳು ಬೇಗ ಒಪ್ತಾರೆ. ಇಂಥ ಇಂಜಿನ್ ನಿಂತಲ್ಲೇ ಓಡಿದರೆ ಗಂಟೆಗೆ ಮುಕ್ಕಾಲು ಲೀಟರ್ ಡೀಸೆಲ್ ಕುಡಿಯುತ್ತೆ. ಮಧ್ಯಾಹ್ನ ಗೇಟಲ್ಲಿ ನಲವತ್ತು ನಿಮಿಷ ಅಂದರೆ ಅರ್ಧ ಲೀಟರ್. ವರ್ಷಕ್ಕೆ 200 ದಿನ ಶಾಲೆ ಅಂದ್ಕೊಂಡರೂ 100 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ಒಂದು ಬಸ್ಸಿಗೆ 9,000. ಬೀಡಿಂಗು, ಬೂಟು, ಕಾರ್ಬನ್ ಬ್ರಷ್ ಎಲ್ಲ ಅದರಲ್ಲೇ ಆಗಿ ಮಿಗುತ್ತೆ. ನಾನು ನನ್ನ ಗಾಡಿಗಳಿಗೆ ಹೀಗೇ ಮಾಡಿಸಿದೆ.

ಆದರೆ ನಮ್ಮ ಕಷ್ಟವೂ ಇದೆ. ಬರೀ ಶಾಲೆ ಬಾಡಿಗೆಯಲ್ಲಿ ಲೋನ್ ಕಂತು ಕಟ್ಟೋಕೆ ಆಗಲ್ಲ. ಬೆಳಿಗ್ಗೆ ಐದಕ್ಕೆ ಫ್ಯಾಕ್ಟರಿ ಶಿಫ್ಟ್ ಬಿಟ್ಟು ಬಂದು ಮಕ್ಕಳನ್ನು ಹತ್ತಿಸಿಕೊಳ್ಳೋ ಗಾಡಿಗಳೇ ಜಾಸ್ತಿ. ಸರ್ವಿಸ್‌ಗೆ ಬಿಡೋಕೆ ಪುರುಸೊತ್ತು ಇರಲ್ಲ. ಶಾಲೆಯವರು ಪ್ರತಿ ವರ್ಷ ದರ ಇಳಿಸಿ ಅಂತ ಕೂರ್ತಾರೆ, ಕಡಿಮೆ ಕೋಟ್ ಮಾಡಿದವನಿಗೆ ಕಾಂಟ್ರಾಕ್ಟು. ಆ ದರಕ್ಕೆ ಬರೋದು 2012ರ ಗಾಡಿನೇ. ಕಾಂಟ್ರಾಕ್ಟಲ್ಲೇ ಬಿಎಸ್-6 ಇರಬೇಕು ಅಂತ ಬರೆದು ಮೂರು ವರ್ಷದ ಗ್ಯಾರಂಟಿ ಕೊಡಲಿ, ಬ್ಯಾಂಕಿನವರು ಲೋನ್ ಕೊಡ್ತಾರೆ. ಒಂದೊಂದು ವರ್ಷದ ಕಾಂಟ್ರಾಕ್ಟ್ ನಂಬಿಕೊಂಡು ಹೊಸ ಗಾಡಿ ತಗೊಳ್ಳೋಕೆ ನನಗೆ ಧೈರ್ಯ ಇಲ್ಲ.

ಹಳೇ ಡಿಪೋ ಮೆಕ್ಯಾನಿಕ್:

ಓನರ್ ಸರಿಯಾಗಿ ಹೇಳಿದರು. ಬಿಎಸ್-6 ಬಗ್ಗೆ ಒಂದು ಮಾತು ಸೇರಿಸ್ತೀನಿ. ಬಿಎಸ್-4 ದೊಡ್ಡ ಇಂಜಿನ್‌ಗೆ ನೈಟ್ರೋಜನ್ ಆಕ್ಸೈಡ್ ಮಿತಿ ಒಂದು ಕಿಲೋವ್ಯಾಟ್-ಅವರ್ ಶಕ್ತಿಗೆ 3.5 ಗ್ರಾಂ ಇದ್ದದ್ದು ಬಿಎಸ್-6ರಲ್ಲಿ 0.4ಕ್ಕೆ ಬಂತು. ಡೀಸೆಲ್ ಕೂಡ ಬದಲಾಯ್ತು, ಗಂಧಕ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಇದ್ದದ್ದು 10ಕ್ಕೆ ಇಳಿಯಿತು. ಈ ಡೀಸೆಲ್ಲನ್ನು ಹಳೇ ಗಾಡಿಗೂ ಹಾಕ್ತಾರೆ, ಆದರೆ ಫಿಲ್ಟರ್ ಇಲ್ಲದ ಇಂಜಿನ್ ಮಸಿ ಕಕ್ಕೋದು ನಿಲ್ಲಲ್ಲ. ಬಿಎಸ್-6 ಬಸ್ಸಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯೋ ಫಿಲ್ಟರ್ ಇರುತ್ತೆ. ಮಸಿ ತುಂಬಿದಾಗ ಅದನ್ನು 600 ಡಿಗ್ರಿ ಹತ್ತಿರ ಕಾಯಿಸಿ ಸುಟ್ಟುಕೊಳ್ಳಬೇಕು. ಶಾಲೆ ಬಸ್ ನಿಧಾನಕ್ಕೆ, ನಿಂತು ನಿಂತು ಹೋಗೋ ಗಾಡಿ, ಅಷ್ಟು ಬಿಸಿ ಏರಲ್ಲ. ಡ್ಯಾಶ್‌ಬೋರ್ಡಲ್ಲಿ ಲೈಟ್ ಬರುತ್ತೆ. ಆಗ ಡ್ರೈವರ್ ಬಸ್ಸನ್ನು ಬಯಲಲ್ಲಿ ನಿಲ್ಲಿಸಿ ರೀಜನರೇಷನ್ ಬಟನ್ ಒತ್ತಬೇಕು. ಮಕ್ಕಳು ಒಳಗಿದ್ದಾಗ, ಶಾಲೆ ಹತ್ತಿರ ಬೇಡವೇ ಬೇಡ. ಕೆಲವರು ಲೈಟಿನ ಕಾಟ ಬೇಡ ಅಂತ ಡಿಪಿಎಫ್ ಒಳಗಿನದ್ದನ್ನೇ ಒಡೆದು ಹಾಕಿಸ್ತಾರೆ, ನೈಟ್ರೋಜನ್ ಆಕ್ಸೈಡ್ ತಗ್ಗಿಸೋ ಆಡ್‌ಬ್ಲೂ ಅನ್ನೋ ಯೂರಿಯಾ ದ್ರವ ಹಾಕದೆ ಓಡೋ ಹಾಗೆ ಮಾಡಿಸ್ತಾರೆ. ಹೆಸರಿಗೆ ಬಿಎಸ್-6, ಹೊಗೆ ಹಳೇದೇ. ಕಾಂಟ್ರಾಕ್ಟಲ್ಲಿ ಬರೀ ಬಿಎಸ್-6 ಅಂತ ಬರೆಸಬೇಡಿ, ಡಿಪಿಎಫ್ ಮತ್ತು ಆಡ್‌ಬ್ಲೂ ಕೆಲಸ ಮಾಡ್ತಿರಬೇಕು, ಸರ್ವಿಸ್ ಬಿಲ್ ತೋರಿಸಬೇಕು ಅಂತಲೂ ಬರೆಸಿ.

ನನ್ನನ್ನು ಕೇಳಿದರೆ ಶಾಲೆ ಓಡಾಟಕ್ಕೆ ಹೇಳಿ ಮಾಡಿಸಿದ್ದು ಕರೆಂಟಿನ ಬಸ್. ಬೆಳಿಗ್ಗೆ ಒಂದು ಟ್ರಿಪ್, ಸಂಜೆ ಒಂದು ಟ್ರಿಪ್, ಮಧ್ಯೆ ಚಾರ್ಜ್ ಹಾಕೋಕೆ ನಾಲ್ಕೈದು ಗಂಟೆ. ಬಿಎಂಟಿಸಿಯವರು 2021ರ ಕೊನೆಯಿಂದ ಓಡಿಸ್ತಿದ್ದಾರೆ. ಬೆಲೆ ಜಾಸ್ತಿ ಅನ್ನೋದು ಒಪ್ಪುವ ಮಾತೇ, ಆದರೆ ಕೇಳೋರು ಇಲ್ಲದಿದ್ದರೆ ಶಾಲೆಯವರು ಲೆಕ್ಕವನ್ನೂ ಹಾಕಲ್ಲ.

ಚಿಕ್ಕಲ್ಲಸಂದ್ರದ ಅಮ್ಮ:

ಮೀಟಿಂಗ್ ಮುಗೀತು. ನಡೆದಿದ್ದು ಬರೀತೀನಿ, ಬೇರೆ ತಾಯಂದಿರಿಗೂ ಅನುಕೂಲ ಆಗಲಿ.

ಹೋಗೋ ಮೊದಲು ನಮ್ಮ ರೂಟಿನ ಪೇರೆಂಟ್ಸ್ ಎಲ್ಲರ ಸಹಿ ತಗೊಂಡು ಒಂದು ಪತ್ರ ಬರೆದಿದ್ದೆ. ಬ್ರೇಕ್ ವಿಷಯ ಮೊದಲು ಓದಿದೆ. ಏರ್ ಇಳಿಯುತ್ತೆ ಅಂತ ಇಂಜಿನ್ ಆಫ್ ಮಾಡದ ಬಸ್ಸನ್ನು ಮಕ್ಕಳಿಗೆ ಬಿಡುವ ಮೊದಲು ಬ್ರೇಕ್ ಪರೀಕ್ಷೆ ಆಗಲಿ ಅಂದೆ. ಪ್ರಿನ್ಸಿಪಾಲ್ ಮೇಡಂ ಪೆನ್ ಎತ್ತಿ ಬರೆದುಕೊಂಡರು. ಆಮೇಲೆ ಗೋಣಿಚೀಲದ ಫೋಟೋ ತೋರಿಸಿದೆ. ಯುಕೆಜಿ ಮಗುವಿನ ಅಜ್ಜ ಒಬ್ಬರು ಎದ್ದು ನಿಂತು "ನನ್ನ ಮೊಮ್ಮಗ ಕೂರೋ ಜಾಗ ಇದೇನಾ?" ಅಂತ ಕೇಳಿದರು. ಅವರ ದನಿ ನಡುಗುತ್ತಿತ್ತು. ಆಮೇಲೆ ಯಾರಿಗೂ ನಾನು ಹೆಚ್ಚು ವಿವರಿಸಬೇಕಾಗಿ ಬರಲಿಲ್ಲ.

ಒಪ್ಪಿದ್ದು ಇಷ್ಟು. ಸೋಮವಾರದಿಂದ ಗೇಟಲ್ಲಿ ನಿಂತ ಬಸ್ ಎಲ್ಲ ಆಫ್, ಮಕ್ಕಳು ಹತ್ತಿ ಬಾಗಿಲು ಹಾಕಿದ ಮೇಲೇ ಸ್ಟಾರ್ಟ್. ಸಣ್ಣ ಕ್ಲಾಸಿನವರು ಫುಟ್‌ಪಾತ್ ಬಿಟ್ಟು ಒಳಗೆ ಅಸೆಂಬ್ಲಿ ಹಾಲಲ್ಲಿ ಕಾಯುತ್ತಾರೆ, ರೂಟ್ ನಂಬರ್ ಕೂಗಿದಾಗ ಬರುತ್ತಾರೆ. ಈ ತಿಂಗಳೊಳಗೆ ಎಲ್ಲ ಬಸ್ಸಿಗೂ ಬೀಡಿಂಗ್, ಸೈಲೆನ್ಸರ್, ಬ್ರೀದರ್ ಪೈಪ್ ತಪಾಸಣೆ, ಬಿಲ್ ಸಮೇತ. ಹೊಸ ಕಾಂಟ್ರಾಕ್ಟ್ ಜೂನ್‌ಗೆ. ಬಿಎಸ್-6 ಶರತ್ತಿಗೆ ಆಡಳಿತ ಮಂಡಳಿಯನ್ನು ಕೇಳಬೇಕಂತೆ, ಅದಕ್ಕಿನ್ನೂ ಹೂಂ ಅಂದಿಲ್ಲ. ಫೀಸು ಏರಿಸಬೇಕಾಗುತ್ತೆ ಅನ್ನೋ ಮಾತು ನಿರೀಕ್ಷೆಯಂತೆ ಬಂತು. ಓನರ್ ಅಣ್ಣ ಹಾಕಿಕೊಟ್ಟ 9,000ದ ಲೆಕ್ಕ ಅಲ್ಲೇ ಬೋರ್ಡ್ ಮೇಲೆ ಬರೆದೆ. ಮೂರು ವರ್ಷದ ಕಾಂಟ್ರಾಕ್ಟ್ ವಿಷಯ ಅವರಿಗೂ ಹೊಸದು, ಯೋಚಿಸುತ್ತೇವೆ ಅಂದರು. ನಾನು ಬಿಡೋದಿಲ್ಲ, ಜನವರಿಯಲ್ಲಿ ಮತ್ತೆ ಹೋಗಿ ಕೂರುತ್ತೇನೆ.

ಒಂದೇ ತೊಡಕು. ನಮ್ಮ ಬಸ್ಸಿನ ಓನರ್, ಈ ಮಾಡೆಲ್ಲಿನ ಬಾನೆಟ್ ಬೀಡಿಂಗ್ ಈಗ ಮಾರ್ಕೆಟ್ಟಲ್ಲಿ ಸಿಗಲ್ಲ ಅಂತಿದ್ದಾರೆ. ನಿಜವಾ ಅಣ್ಣ?

ಹಳೇ ಡಿಪೋ ಮೆಕ್ಯಾನಿಕ್:

ಕಂಪನಿ ಬೀಡಿಂಗ್ ಸಿಗದೇ ಇರಬಹುದಮ್ಮ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳಲ್ಲಿ ರಬ್ಬರ್ ಬೀಡಿಂಗ್ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ. ಹಳೇದರ ಒಂದು ಗೇಣು ತುಂಡು ಕತ್ತರಿಸಿ ಕಳಿಸಿ, ಅದೇ ಅಳತೆಯದ್ದು ಬಿಸಿ ತಡೆಯೋ ರಬ್ಬರ್ ಕೇಳಲಿ. ಕೂರಿಸುವಾಗ ಹಳೇ ಗಮ್ ಪೂರ್ತಿ ಕೆರೆದು ತೆಗೆಯದಿದ್ದರೆ ತಿಂಗಳಲ್ಲಿ ಕಿತ್ತು ಬರುತ್ತೆ, ಅದನ್ನು ಡ್ರೈವರ್‌ಗೆ ಹೇಳಿ.